ಶಬ್ದದ ಅರ್ಪಣೆ: ಮೆಟಲ್ ಸಂಗೀತ, ಇನ್-ಇಯರ್ ಮಾನಿಟರ್ ಮತ್ತು ಭೀಮಾ ತೀರದ ಶ್ರವಣ ವಿಚಾರ

ಮೆಟಲ್ ಸಂಗೀತವನ್ನು ಕೇಳಲು ಯಾವ ಇನ್-ಇಯರ್ ಮಾನಿಟರ್ ತಕ್ಕದ್ದು ಎಂಬುದು ಮೇಲುನೋಟಕ್ಕೆ ಅಂಗಡಿಯಲ್ಲೇ ಇತ್ಯರ್ಥವಾಗಬೇಕಾದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅದಕ್ಕೆ ಉತ್ತರ ಹೇಳಹೊರಟವರು ಕೇಳುವುದೆಂದರೇನು, ಎಷ್ಟು ಕೇಳಬೇಕು, ಯಾರೊಡನೆ ಕೇಳಬೇಕು ಎಂಬ ಹಳೆಯ ಪ್ರಶ್ನೆಗಳನ್ನು ಬಳಸಿ ಹೋಗಲಾರರು. ಕಿವಿಯ ನಾಳವನ್ನು ಮುಚ್ಚಿ, ಪಕ್ಕದಲ್ಲಿ ಕೂತವರಿಗೂ ಕೇಳಿಸದಂತೆ, ಅತ್ಯಂತ ಅಬ್ಬರದ ಸಂಗೀತವನ್ನು ಒಬ್ಬನಿಗೆ ಮಾತ್ರ ಒದಗಿಸುವ ಈ ಸಾಧನವು ಸಂಗೀತವನ್ನು ಅದು ಹುಟ್ಟಿದ ನೆರವಿಯಿಂದ ಬೇರ್ಪಡಿಸುತ್ತದೆ. ಹಾಗೆ ಬೇರ್ಪಟ್ಟ ಶಬ್ದಕ್ಕೂ ಕೇಳುಗನ ಅಂತರಂಗಕ್ಕೂ ಇರಬೇಕಾದ ಸಂಬಂಧವೇನು ಎಂಬುದು ಆಗ ಹೊಸದಾಗಿ ವಿಚಾರಿಸಬೇಕಾದ ಸಂಗತಿಯಾಗುತ್ತದೆ.

ಈ ವಿಚಾರಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆ ಹೇಳಿ ಮಾಡಿಸಿದಂತಹ ನೆಲ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಯನ್ನು ತಾಗಿ ಸಾಗುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ, ಗಾಣಗಾಪುರದಲ್ಲಿ ನೃಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಗಳ ಸನ್ನಿಧಿ, ಬಹುಕಾಲ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದಲ್ಲಿ ತತ್ವಪದಕಾರ ಮಡಿವಾಳಪ್ಪನವರ ಮಠ: ಹೀಗೆ ಸೂಫಿ, ದತ್ತ ಮತ್ತು ಶರಣ ಪರಂಪರೆಗಳು ಒಂದೇ ನದಿಯ ಆಸುಪಾಸಿನಲ್ಲಿ ನೆಲೆಗೊಂಡಿವೆ, ಮತ್ತು ಶ್ರವಣವನ್ನು ಸಾಧನೆಯ ದಾರಿಯೆಂದು ಮೂರೂ ತಮ್ಮ ತಮ್ಮ ರೀತಿಯಲ್ಲಿ ಒಪ್ಪಿವೆ. ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದ್ದು, ಕಲಬುರಗಿಯಿಂದ ಅಲ್ಲಿಗೆ ಹೋಗಿಬರುವ ಬಸ್ಸುಗಳಲ್ಲಿ ಕಿವಿ ಮುಚ್ಚಿಕೊಂಡು ಕೂತ ತರುಣ ತರುಣಿಯರು ಈ ಪ್ರಶ್ನೆಯನ್ನು ತಿಳಿದೋ ತಿಳಿಯದೆಯೋ ದಿನವೂ ಎದುರಿಸುತ್ತಿದ್ದಾರೆ.

ಸಂಗೀತದ ಸ್ವಭಾವ

ಮೆಟಲ್ ಎಂದರೆ ರಾಕ್ ಸಂಗೀತದಿಂದ ಕವಲೊಡೆದು, ವಿದ್ಯುತ್ ಗಿಟಾರಿನ ಒರಟು ನಾದವನ್ನೂ ಡ್ರಮ್ಮಿನ ದಟ್ಟ ಹೊಡೆತಗಳನ್ನೂ ನಡುವಿಗಿಟ್ಟುಕೊಂಡು ಬೆಳೆದ ಪ್ರಕಾರ. ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡವು 1970ರಲ್ಲಿ ಹೊರತಂದ ಮೊದಲ ಆಲ್ಬಮ್ಮಿನಿಂದ ಇದರ ಚರಿತ್ರೆಯನ್ನು ಎಣಿಸುವುದು ವಾಡಿಕೆ. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದರಿಂದ ಮುಂದೆ ತಂತಿಗಳನ್ನು ಸಡಿಲಿಸಿ ನುಡಿಸತೊಡಗಿದರು. ಹಾಗೆ ತಗ್ಗಿದ ಶ್ರುತಿಯೇ ಈ ಪ್ರಕಾರದ ಗುರುತುಗಳಲ್ಲಿ ಒಂದಾಯಿತು. ಕರ್ನಾಟಕದಲ್ಲಿ ಈ ಸಂಗೀತಕ್ಕೆ ಬೆಂಗಳೂರೇ ನೆಲೆ. 1998ರಲ್ಲಿ ಅಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಯುರೋಪಿನ ವೇದಿಕೆಗಳನ್ನೂ ಏರಿತು. ಅರಮನೆ ಮೈದಾನದಲ್ಲಿ 2007ರ ಮಾರ್ಚ್ ತಿಂಗಳಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡಗಳು ಸಾವಿರಾರು ಜನರ ಮುಂದೆ ನುಡಿಸಿದವು. ಜೇವರ್ಗಿಯ ಕೇಳುಗನಿಗೆ ಆ ನೆರವಿ ಒಂದು ರಾತ್ರಿಯ ಪ್ರಯಾಣದಷ್ಟು ದೂರ, ಕಿವಿಯೊಳಗಿನ ಸಾಧನವೇ ಹತ್ತಿರ.

ಅಬ್ಬರವೆಂದು ಹೊರಗಿನವರು ತಳ್ಳಿಹಾಕುವ ಈ ಶಬ್ದರಾಶಿಯೊಳಗೆ ಒಂದು ಖಚಿತವಾದ ಕಟ್ಟಡವಿದೆ. ಮೆಟಲ್ ಗಿಟಾರಿನ ಮೂಲ ಘಟಕವಾದ ಪವರ್ ಕಾರ್ಡ್‌ನಲ್ಲಿ ಷಡ್ಜ ಮತ್ತು ಪಂಚಮ ಎರಡೇ ಸ್ವರಗಳಿರುತ್ತವೆ, ಗಾಂಧಾರವನ್ನು ಕೈಬಿಡಲಾಗುತ್ತದೆ. ಇದಕ್ಕೆ ಕಾರಣ ಡಿಸ್ಟಾರ್ಷನ್, ಅಂದರೆ ಧ್ವನಿವರ್ಧಕವನ್ನು ಅದರ ಶಕ್ತಿಗೆ ಮೀರಿ ದುಡಿಸಿ ತಂತಿಯ ನಾದವನ್ನು ಒಡೆಯುವ ಕ್ರಮ. ಹಾಗೆ ಒಡೆದಾಗ ಎರಡು ಸ್ವರಗಳು ತಮ್ಮ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳಿಂದ ಹೊಸ ಸ್ವರಗಳನ್ನು ಹುಟ್ಟಿಸುತ್ತವೆ. ಷಡ್ಜ ಪಂಚಮಗಳು ಎರಡಕ್ಕೆ ಮೂರರ ಅನುಪಾತದಲ್ಲಿರುವುದರಿಂದ ಅವುಗಳ ವ್ಯತ್ಯಾಸವು ಷಡ್ಜದ ಕೆಳಗಿನ ಸ್ಥಾಯಿಯಲ್ಲೇ ಬಂದು ನಿಲ್ಲುತ್ತದೆ, ಯಾರೂ ಮೀಟದ ಮಂದ್ರ ಷಡ್ಜವೊಂದು ತಾನಾಗಿ ಮೊಳಗುತ್ತದೆ. ಗಾಂಧಾರ ಸೇರಿದರೆ ಈ ಹೊಸ ಸ್ವರಗಳು ಒಂದಕ್ಕೊಂದು ತಿಕ್ಕಾಡಿ ಕೆಸರಾಗುತ್ತವೆ. ತಂಬೂರಿಯನ್ನು ಷಡ್ಜ ಪಂಚಮಗಳಿಗೆ ಕೂಡಿಸಿ ಕೇಳಿದವರಿಗೆ ಈ ಆಧಾರಶ್ರುತಿ ಪರಕೀಯವೆನಿಸಬೇಕಾಗಿಲ್ಲ. ಇನ್ನು ಡ್ರಮ್ಮಿನ ಕಡೆಯಿಂದ ನೋಡಿದರೆ, ನಿಮಿಷಕ್ಕೆ 200 ಮಾತ್ರೆಗಳ ವೇಗದಲ್ಲಿ ಮಾತ್ರೆಗೆ ನಾಲ್ಕರಂತೆ ಎರಡೂ ಕಾಲುಗಳಿಂದ ಹೊಡೆಯುವ ಪೆಟ್ಟುಗಳ ನಡುವಿನ ಅಂತರ 75 ಮಿಲಿಸೆಕೆಂಡು ಮಾತ್ರ. ಒಂದು ಪೆಟ್ಟು ಅಡಗುವ ಮುನ್ನವೇ ಇನ್ನೊಂದು ಬಂದು ಬೀಳುವ ಈ ಓಟದಲ್ಲಿ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳಬೇಕೆಂಬುದೇ ವಾದಕನ ಆಶಯ.

ಸಾಧನದ ಸ್ವಭಾವ

ಇನ್-ಇಯರ್ ಮಾನಿಟರ್ ಹುಟ್ಟಿದ್ದು ಕೇಳುಗನಿಗಾಗಿ ಅಲ್ಲ, ವೇದಿಕೆಯ ಮೇಲಿನ ವಾದಕನಿಗಾಗಿ. ತಮ್ಮದೇ ತಂಡದ ಅಬ್ಬರದಲ್ಲಿ ತಮ್ಮ ನುಡಿಸಾಣಿಕೆ ತಮಗೇ ಕೇಳಿಸದೆ ವಾದಕರು ಮುಂದಿನ ಸ್ಪೀಕರುಗಳ ಸದ್ದನ್ನು ಏರಿಸುತ್ತಲೇ ಹೋಗುವ ಸ್ಥಿತಿ ಇತ್ತು. ವ್ಯಾನ್ ಹೇಲನ್ ಎಂಬ ಹಾರ್ಡ್ ರಾಕ್ ತಂಡದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಜೆರ್ರಿ ಹಾರ್ವಿ ಎಂಬ ಧ್ವನಿತಂತ್ರಜ್ಞ 1995ರಲ್ಲಿ ರೂಪಿಸಿದ ಮಾನಿಟರ್ ಈ ಚರಿತ್ರೆಯ ಪ್ರಸಿದ್ಧ ಘಟ್ಟ. ಹೊರಗಿನ ಸದ್ದನ್ನು ತಡೆದು, ಕಡಿಮೆ ಗಟ್ಟಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಿಸುವುದು ಅದರ ಮೂಲ ಉದ್ದೇಶವಾಗಿತ್ತು. ಅಬ್ಬರದ ನಟ್ಟನಡುವೆ ಹುಟ್ಟಿದ ಸಾಧನದ ಗುರಿ ಸದ್ದನ್ನು ತಗ್ಗಿಸುವುದಾಗಿತ್ತೆಂಬ ಈ ಸಂಗತಿ ಮುಂದಿನ ಚರ್ಚೆಗೆ ಮುಖ್ಯವಾದದ್ದು.

ಸಾಧನದ ಒಳಗೆ ವಿದ್ಯುತ್ತನ್ನು ನಾದವಾಗಿ ಮಾರ್ಪಡಿಸುವ ಭಾಗವನ್ನು ಡ್ರೈವರ್ ಎನ್ನುತ್ತಾರೆ. ಸುರುಳಿಗೆ ಅಂಟಿದ ತೆಳುಪೊರೆಯು ಹಿಂದೆ ಮುಂದೆ ಆಡಿ ಗಾಳಿಯನ್ನು ತಳ್ಳುವುದು ಡೈನಮಿಕ್ ಡ್ರೈವರ್. ಶ್ರವಣಯಂತ್ರಗಳಿಂದ ಬಂದ, ಅಯಸ್ಕಾಂತಗಳ ನಡುವೆ ತೂಗಿ ನಿಂತ ಸಣ್ಣ ಲೋಹದ ನಾಲಗೆ ಕಂಪಿಸುವುದು ಬ್ಯಾಲೆನ್ಸ್ಡ್ ಆರ್ಮೆಚರ್. ಇಡೀ ಪೊರೆಯ ಮೇಲೆ ವಾಹಕದ ಗೆರೆಗಳನ್ನು ಹರಡಿ ಒಟ್ಟಿಗೆ ಅಲುಗಿಸುವುದು ಪ್ಲೇನಾರ್. ಮೆಟಲ್ ಕೇಳುಗರಲ್ಲಿ ಇವುಗಳ ಮೇಲು ಕೀಳಿನ ವಾದ ನಡೆದೇ ಇರುತ್ತದಾದರೂ, ಡ್ರೈವರಿನ ಜಾತಿಗಿಂತ ಅದನ್ನು ಹದಗೊಳಿಸಿದ ರೀತಿ, ಅಂದರೆ ಮಂದ್ರ, ಮಧ್ಯ, ತಾರಗಳಿಗೆ ಎಷ್ಟೆಷ್ಟು ಪಾಲು ಕೊಟ್ಟಿದೆ ಎಂಬುದೇ ಕೇಳುವ ಅನುಭವವನ್ನು ಹೆಚ್ಚು ನಿರ್ಧರಿಸುತ್ತದೆ.

ಆ ಪಾಲುಗಾರಿಕೆಯಲ್ಲಿ ಮೂರು ಕಡೆ ಎಚ್ಚರ ಬೇಕು. ಮೊದಲನೆಯದು ಮಂದ್ರ. ಸಾಮಾನ್ಯ ಶ್ರುತಿಯ ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಸ್‌ನಲ್ಲೂ ಬಾಸ್ ಗಿಟಾರಿನದು 41 ಹರ್ಟ್ಸ್‌ನಲ್ಲೂ ಕಂಪಿಸುತ್ತವೆ. ಮೆಟಲ್‌ನಲ್ಲಿ ಇವು ಇನ್ನೂ ಕೆಳಗಿಳಿಯುವುದುಂಟು. ಕೆಳಗಿನ ಸ್ವರಗಳು ಗಟ್ಟಿಯಾದಾಗ ಮೇಲಿನ ಸ್ವರಗಳನ್ನು ಮರೆಮಾಡುವುದು ಮನುಷ್ಯನ ಒಳಗಿವಿಯ ರಚನೆಯಲ್ಲೇ ಇರುವ ಗುಣವಾದ್ದರಿಂದ, ಮಂದ್ರವನ್ನು ಅತಿಯಾಗಿ ಏರಿಸಿದ ಸಾಧನದಲ್ಲಿ ಗಿಟಾರಿನ ಬಿಡಿ ಮೀಟುಗಳು ಡ್ರಮ್ಮಿನ ಗುಡುಗಿನೊಳಗೆ ಮುಳುಗುತ್ತವೆ. ಎರಡನೆಯದು 3,000 ಹರ್ಟ್ಸ್‌ನ ಆಸುಪಾಸು. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳ ತಾನೇ ಅನುರಣಿಸುವ ಈ ಪ್ರದೇಶದಲ್ಲಿ ಗಿಟಾರಿನ ಕಚ್ಚು ಮತ್ತು ಕಂಠದ ಕೂಗು ಇರುತ್ತವೆ, ಇಲ್ಲಿ ಕಡಿಮೆಯಾದರೆ ಸಂಗೀತ ಕಂಬಳಿ ಹೊದ್ದಂತೆ ಮಸುಕಾಗುತ್ತದೆ, ಹೆಚ್ಚಾದರೆ ಕಿವಿ ಬೇಗ ದಣಿಯುತ್ತದೆ. ಮೂರನೆಯದು ತಾಳದ ತಟ್ಟೆಗಳು ಮಿನುಗುವ ತಾರ ಪ್ರದೇಶ, ಅದು ಕಾದ ಎಣ್ಣೆಯ ಸಿಡಿತದ ಸದ್ದಾಗದೆ ತಟ್ಟೆ ತಟ್ಟೆಗೂ ಭೇದ ಉಳಿಯಬೇಕು. ಇವೆಲ್ಲಕ್ಕೂ ಮೊದಲು ತುದಿಯು ಕಿವಿಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಮಂದ್ರ ಸೋರಿಹೋಗುತ್ತದೆ, ಕೇಳುಗ ಅದನ್ನು ಸಾಧನದ ದೋಷವೆಂದು ಬಗೆದು ಗಟ್ಟಿಯನ್ನು ಏರಿಸುತ್ತಾನೆ.

ಸಾಧನಕ್ಕೆ ಒಂದು ಮೇರೆಯೂ ಇದೆ. ಮೆಟಾಲಿಕಾದ 1988ರ ಆ್ಯಂಡ್ ಜಸ್ಟಿಸ್ ಫಾರ್ ಆಲ್ ಆಲ್ಬಮ್ಮಿನಲ್ಲಿ ಬಾಸ್ ಗಿಟಾರ್ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಧ್ವನಿಗಳನ್ನು ಬೆರೆಸುವ ಹಂತದಲ್ಲೇ ಅದನ್ನು ಅಷ್ಟು ತಗ್ಗಿಸಲಾಗಿತ್ತು. ಅದೇ ತಂಡದ 2008ರ ಡೆತ್ ಮ್ಯಾಗ್ನೆಟಿಕ್ ಆಲ್ಬಮ್ಮಿನಲ್ಲಿ ಎಲ್ಲವನ್ನೂ ಒಂದೇ ಎತ್ತರಕ್ಕೆ ಒತ್ತಿ ಏರಿಸಿದ್ದರಿಂದ ಶಬ್ದದ ತುದಿಗಳೇ ಕತ್ತರಿಸಿಹೋಗಿವೆಯೆಂದು ಕೇಳುಗರೇ ತಕರಾರು ಮಾಡಿದರು. ಎಷ್ಟೇ ಬೆಲೆಯ ಮಾನಿಟರ್ ತಂದರೂ ಮೊದಲನೆಯದರಲ್ಲಿ ಇಲ್ಲದ ಬಾಸ್ ಬರುವುದಿಲ್ಲ, ಎರಡನೆಯದರಲ್ಲಿ ಕತ್ತರಿಸಿಹೋದ ತುದಿ ಬೆಳೆಯುವುದಿಲ್ಲ.

ಉಗ್ರ ಶಬ್ದದ ಸ್ಥಾನ

ಸಾವು, ಯುದ್ಧ, ನರಕ, ಹುಚ್ಚುಗಳನ್ನು ವಸ್ತುವಾಗುಳ್ಳ, ಹಾಡುವ ಬದಲು ಕೂಗುವ ಸಂಗೀತಕ್ಕೆ ಕಿವಿಗೊಡುವುದು ಧರ್ಮಸಮ್ಮತವೇ ಎಂಬ ಆಕ್ಷೇಪವನ್ನು ಇಲ್ಲಿ ಮೊದಲು ಎತ್ತಿಕೊಳ್ಳಬೇಕು. ಸಾಹಿತ್ಯ ಮೀಮಾಂಸೆಯ ಉತ್ತರ ಹಳೆಯದು ಮತ್ತು ಸ್ಪಷ್ಟ: ರೌದ್ರ, ಭಯಾನಕ, ಬೀಭತ್ಸಗಳೂ ರಸಗಳೇ. ಒಂಬತ್ತನೆಯ ಶತಮಾನದಲ್ಲಿ, ಭೀಮೆಯ ಉಪನದಿ ಕಾಗಿಣಾ ತೀರದ ಮಾನ್ಯಖೇಟದ ರಾಷ್ಟ್ರಕೂಟ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಶಾಂತದ ಜೊತೆಯಲ್ಲೇ ಈ ರಸಗಳಿಗೂ ಕಾವ್ಯದಲ್ಲಿ ಎಡೆಗೊಟ್ಟಿದೆ. ಬದುಕಿನಲ್ಲಿ ಭಯ ಹುಟ್ಟಿಸುವುದು ಕಲೆಯಲ್ಲಿ ಆಸ್ವಾದ್ಯವಾಗುತ್ತದೆ, ಏಕೆಂದರೆ ಅಲ್ಲಿ ಅದು ಯಾರೊಬ್ಬರ ಸ್ವಂತ ಭಯವಾಗಿ ಉಳಿಯದೆ ಎಲ್ಲರಿಗೂ ಸಾಧಾರಣವಾದ ಭಾವವಾಗುತ್ತದೆ ಎಂಬುದು ರಸವಾದಿಗಳ ನಿಲುವು.

ಆಚರಣೆಯ ಲೋಕದಲ್ಲಿ ಈ ಸೀಮೆಯ ಉತ್ತರ ಇನ್ನೂ ನೇರವಾಗಿದೆ. ಗಾಣಗಾಪುರದಲ್ಲಿ ಮಹಾಮಂಗಳಾರತಿಯ ಹೊತ್ತಿಗೆ ಗಂಟೆ ನಗಾರಿಗಳ ನಾದ ಏರುತ್ತಿದ್ದಂತೆ, ಗಾಳಿ ಸೋಕಿದೆಯೆಂದು ಮನೆಯವರು ಕರೆತಂದ ಜನ ಕಂಬಗಳನ್ನು ಹಿಡಿದು ಚೀರುತ್ತಾರೆ, ಕೂದಲು ಕೆದರಿಕೊಂಡು ಹೊರಳಾಡುತ್ತಾರೆ. ಅದನ್ನು ಮನೋವೈದ್ಯರು ಒಂದು ರೀತಿ, ಭಕ್ತರು ಇನ್ನೊಂದು ರೀತಿ ವಿವರಿಸಬಹುದಾದರೂ, ಉಗ್ರವಾದ ನಾದವು ಒಳಗೆ ಹೆಪ್ಪುಗಟ್ಟಿದ್ದನ್ನು ಹೊರತೆಗೆಯುತ್ತದೆಂಬ ನಂಬಿಕೆ ಅಲ್ಲಿ ಪೂಜೆಯ ಭಾಗವೇ ಆಗಿದೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತ, ಕರ್ಬಲಾದ ಸಾವು ನೋವುಗಳನ್ನು ರಿವಾಯತ್ ಪದಗಳಲ್ಲಿ ಹಾಡುವ ಜನರಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿರುತ್ತಾರೆ. ಶೋಕ ಮೆಲುದನಿಯಲ್ಲೇ ಇರಬೇಕೆಂದು ಆ ಹಲಗೆ ಒಪ್ಪುವುದಿಲ್ಲ. ಆದ್ದರಿಂದ ಶಬ್ದ ಉಗ್ರವಾಗಿದೆ ಎಂಬ ಒಂದೇ ಕಾರಣಕ್ಕೆ ಮೆಟಲ್ ಸಂಗೀತವನ್ನು ಅಧರ್ಮವೆಂದು ತಳ್ಳಿಹಾಕಲು ಈ ನೆಲದ ಸಂಪ್ರದಾಯ ಆಸ್ಪದ ಕೊಡುವುದಿಲ್ಲ.

ಆದರೆ ಈ ಎರಡು ಆಚರಣೆಗಳಲ್ಲೂ ಉಗ್ರತೆಗೆ ಒಂದು ಕಟ್ಟು ಇದೆಯೆಂಬುದನ್ನು ಗಮನಿಸಬೇಕು. ಆರತಿ ಮುಗಿದಾಗ ನಗಾರಿ ನಿಲ್ಲುತ್ತದೆ, ಚೀರಿದವರು ಸುಮ್ಮನಾಗಿ ಕೂರುತ್ತಾರೆ, ಮನೆಯವರು ನೀರು ಕೊಡುತ್ತಾರೆ. ಹತ್ತನೆಯ ದಿನ ದೇವರು ಹೊಳೆಗೆ ಹೋದ ಮೇಲೆ ಹಲಗೆಯೂ ಗೂಟಕ್ಕೇರುತ್ತದೆ. ಕಿವಿಯೊಳಗಿನ ಮೆಟಲ್‌ಗೆ ಇಂತಹ ಆದಿ ಅಂತ್ಯಗಳನ್ನು ಹೊರಗಿನವರಾರೂ ವಿಧಿಸುವುದಿಲ್ಲ. ಒಂದು ಹಾಡಿನ ಹಿಂದೆ ಇನ್ನೊಂದನ್ನು ಫೋನು ತಾನಾಗಿ ಪೋಣಿಸುತ್ತ ಹೋಗುತ್ತದೆ, ಕಟ್ಟು ಹಾಕಿಕೊಳ್ಳುವ ಹೊಣೆ ಪೂರ್ತಿಯಾಗಿ ಕೇಳುಗನ ಮೇಲೆಯೇ ಬೀಳುತ್ತದೆ.

ಮುಚ್ಚಿದ ಕಿವಿ

ಕಿವಿಯನ್ನು ಮುಚ್ಚಿಕೊಂಡು ಕೇಳುವುದು ಲೋಕದಿಂದ ಓಡಿಹೋಗುವ ಹೇಡಿತನವೆಂಬುದು ಎರಡನೆಯ ಆಕ್ಷೇಪ. ಯೋಗಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶದಲ್ಲಿ ಸ್ವಾತ್ಮಾರಾಮನು ನಾದಾನುಸಂಧಾನವನ್ನು, ಎಂದರೆ ಒಳಗಿನ ನಾದವನ್ನು ಹಿಂಬಾಲಿಸುವ ಸಾಧನೆಯನ್ನು ವಿವರಿಸುವಾಗ ಕಿವಿ, ಕಣ್ಣು, ಮೂಗು, ಬಾಯಿಗಳನ್ನು ಬೆರಳುಗಳಿಂದ ಮುಚ್ಚಿಕೊಳ್ಳಲು ಹೇಳುತ್ತಾನೆ. ಹಾಗೆ ಮುಚ್ಚಿದವನಿಗೆ ಮೊದಲು ಕೇಳಿಸುವುದು ಕಡಲು, ಗುಡುಗು, ಭೇರಿಗಳಂತಹ ನಾದ. ನಡುವೆ ಮದ್ದಳೆ, ಶಂಖ, ಗಂಟೆಗಳದ್ದು. ಕೊನೆಗೆ ಕಿಂಕಿಣಿ, ಕೊಳಲು, ವೀಣೆ, ದುಂಬಿಗಳದ್ದು. ಗುಡುಗು ಮತ್ತು ಭೇರಿಯಂತಹ ಮಹಾಧ್ವನಿ ಕೇಳಿಸುತ್ತಿರುವಾಗಲೂ ಸಾಧಕನು ಅದರೊಳಗಿನ ಸೂಕ್ಷ್ಮಕ್ಕಿಂತ ಸೂಕ್ಷ್ಮವಾದ ನಾದವನ್ನೇ ಅರಸಬೇಕೆಂಬುದು ಅಲ್ಲಿನ ಮುಖ್ಯ ವಿಧಿ.

ಇಲ್ಲಿ ಭೇದವನ್ನೂ ಮರೆಯುವಂತಿಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನು, ಎರಡು ವಸ್ತುಗಳ ತಾಡನದಿಂದ ಹುಟ್ಟುವ ಆಹತ ನಾದ ಬೇರೆ, ತಾಡನವಿಲ್ಲದೆಯೇ ಒಳಗೆ ಇರುವ ಅನಾಹತ ನಾದ ಬೇರೆ ಎಂದು ಗುರುತಿಸಿ, ಎರಡನೆಯದು ಯೋಗಿಗಳಿಗೆ ಮುಕ್ತಿದಾಯಕವಾದರೂ ಜನರ ಮನಸ್ಸನ್ನು ರಂಜಿಸುವಂಥದ್ದಲ್ಲ, ರಂಜನೆಗೆ ಆಹತವೇ ಬೇಕು ಎಂದು ಒಪ್ಪಿಕೊಂಡಿದ್ದಾನೆ. ಮಾನಿಟರ್ ಕೇಳಿಸುವುದು ಆಹತವನ್ನು ಮಾತ್ರ. ಕಿವಿ ಮುಚ್ಚಿದ ಸಾದೃಶ್ಯವೊಂದರಿಂದ ಹೆವಿ ಮೆಟಲ್ ಅನಾಹತವಾಗಿಬಿಡುವುದಿಲ್ಲ. ಆದರೂ ಪ್ರದೀಪಿಕೆಯ ವಿಧಿಯಿಂದ ಆಯ್ಕೆಗೆ ಒಂದು ಒರೆಗಲ್ಲು ಸಿಗುತ್ತದೆ. ಮಹಾಧ್ವನಿಯೊಳಗೆ ಸೂಕ್ಷ್ಮವನ್ನು ಅರಸಲು ಎಡೆಗೊಡುವ ಸಾಧನ ಒಳ್ಳೆಯದು, ಮಹಾಧ್ವನಿಯನ್ನು ಇನ್ನಷ್ಟು ದೊಡ್ಡದು ಮಾಡಿ ಸೂಕ್ಷ್ಮವನ್ನು ನುಂಗುವ ಸಾಧನ ಕೆಟ್ಟದ್ದು. ಎರಡು ಗಿಟಾರುಗಳು ಎಡಕ್ಕೂ ಬಲಕ್ಕೂ ಒಂದೇ ಗತ್ತನ್ನು ನುಡಿಸುತ್ತಿರುವಾಗ ಅವುಗಳ ನಡುವಿನ ಕಿಂಚಿತ್ ವ್ಯತ್ಯಾಸ, ಅಂಗೈಯ ಅಂಚಿನಿಂದ ತಂತಿಯನ್ನು ಅದುಮಿ ಮೀಟಿದ ಮೊಟಕು ನಾದ, ಅದರ ಹಿಂದೆಯೇ ಕಾಲ್ಪೆಟ್ಟು ಬಂದು ಕೂಡುವ ಗಳಿಗೆ, ಇವು ಬಿಡಿಬಿಡಿಯಾಗಿ ಕೇಳಿಸತೊಡಗಿದಾಗ ಅಬ್ಬರವು ಕಟ್ಟಡವಾಗಿ ತೋರುತ್ತದೆ.

ಹೊತ್ತು, ಜಾಗ, ಜೊತೆ

ಸೂಫಿಗಳ ಸಮಾ ಎಂಬ ಆಚರಣೆಯು, ಎಂದರೆ ದೈವಸ್ಮರಣೆಗಾಗಿ ಕೂಡಿ ಸಂಗೀತ ಕೇಳುವ ಪದ್ಧತಿಯು, ಶ್ರವಣದ ಧರ್ಮಾಧರ್ಮಗಳ ಬಗೆಗೆ ಬಹುಶಃ ಎಲ್ಲಕ್ಕಿಂತ ಹೆಚ್ಚು ತರ್ಕಕ್ಕೆ ಒಳಗಾದದ್ದು. ಸಂಗೀತವೇ ನಿಷಿದ್ಧವೆಂದ ಧರ್ಮಶಾಸ್ತ್ರಿಗಳಿಗೂ ಅದನ್ನು ಸಾಧನೆಯೆಂದ ಚಿಶ್ತಿಗಳಿಗೂ ಶತಮಾನಗಳ ಕಾಲ ವಾದ ನಡೆಯಿತು. ಚಿಶ್ತಿ ಪರಂಪರೆಯ ಖ್ವಾಜಾ ಬಂದೇನವಾಜರು ದೆಹಲಿಯಿಂದ ದಕ್ಷಿಣಕ್ಕೆ ಬಂದು ಬಹಮನಿಗಳ ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ಅಲ್ಲೇ ದೇಹಬಿಟ್ಟವರಾದ್ದರಿಂದ ಆ ವಾದ ಈ ಸೀಮೆಗೆ ಹೊರಗಿನದಲ್ಲ. ಸಮಾವನ್ನು ವಿಸ್ತಾರವಾಗಿ ಚರ್ಚಿಸಿದ ಇಮಾಮ್ ಗಜಾಲಿ (1058–1111) ಅದರ ನಿಯಮಗಳನ್ನು ಹೇಳುವಾಗ ಬಗ್ದಾದಿನ ಜುನೈದರ ಹೆಸರಿನಲ್ಲಿ ಮೂರು ಷರತ್ತುಗಳನ್ನು ಮುಂದಿಡುತ್ತಾರೆ: ಹೊತ್ತು ಸರಿಯಿರಬೇಕು, ಜಾಗ ಸರಿಯಿರಬೇಕು, ಜೊತೆಗಿರುವವರು ಸರಿಯಿರಬೇಕು. ಸಮಾ ಎಂಬುದು ಹೃದಯದಲ್ಲಿ ಇಲ್ಲದ್ದನ್ನು ತಂದು ಇಡುವುದಿಲ್ಲ, ಇದ್ದದ್ದನ್ನು ಕದಡಿ ಮೇಲೆ ತರುತ್ತದೆ ಎಂಬ ಇನ್ನೊಂದು ಸೂಫಿ ಮಾತನ್ನೂ ಅವರು ಎತ್ತಿಕೊಳ್ಳುತ್ತಾರೆ.

ಈ ಎರಡನೆಯ ಮಾತು ಧ್ವನಿಮುದ್ರಣಕ್ಕೂ ಮನಸ್ಸಿಗೂ ಸಮಾನವಾಗಿ ಸಲ್ಲುತ್ತದೆ. ಮುದ್ರಣದಲ್ಲಿ ಇಲ್ಲದ ಬಾಸನ್ನು ಮಾನಿಟರ್ ತರಲಾರದು; ಕೇಳುಗನಲ್ಲಿ ಇಲ್ಲದ ಕ್ರೋಧವನ್ನಾಗಲಿ ಧೈರ್ಯವನ್ನಾಗಲಿ ಸಂಗೀತ ತರಲಾರದು. ಮೆಟಲ್ ಕೇಳಿ ಮನಸ್ಸು ಹಗುರಾದವನೂ ಅದನ್ನೇ ಕೇಳಿ ಕುದಿದವನೂ ಒಂದೇ ಬಸ್ಸಿನಲ್ಲಿ ಇರಬಹುದು, ವ್ಯತ್ಯಾಸ ಹಾಡಿನಲ್ಲಿಲ್ಲ.

ಆದರೆ ಜುನೈದರ ಮೂರು ಷರತ್ತುಗಳು ಮಾನಿಟರನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಈ ಸಾಧನ ಹೊತ್ತನ್ನು ಅಳಿಸುತ್ತದೆ, ಜಾಗವನ್ನು ಮುಚ್ಚಿಹಾಕುತ್ತದೆ, ಜೊತೆಯನ್ನು ಹೊರಗಿಡುತ್ತದೆ. ಇದಕ್ಕೆ ಎದುರಾಗಿ ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದ ಗಾಯನವನ್ನು ಇಟ್ಟು ನೋಡಬಹುದು. ಅಲ್ಲಿ ಏಕತಾರಿಯ ಒಂದೇ ತಂತಿಯ ಶ್ರುತಿ, ದಮ್ಮಡಿ ಮತ್ತು ತಾಳಗಳ ನಡೆ. ಒಬ್ಬರು ಪದವನ್ನು ಎತ್ತಿಕೊಂಡರೆ ಸುತ್ತ ಕೂತವರು ಪಲ್ಲವಿಯನ್ನು ಹಿಡಿಯುತ್ತಾರೆ, ನಡುವೆ ನಿಲ್ಲಿಸಿ ಒಂದು ಒಗಟಿನ ಸಾಲಿಗೆ ಅರ್ಥ ಕೇಳುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಬೇರೊಂದು ಪದ ಹಾಡುತ್ತಾರೆ, ಅಮಾವಾಸ್ಯೆಯ ರಾತ್ರಿ ಹೀಗೆ ಬೆಳಗಾಗುತ್ತದೆ. ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದ ಬೇರೆ ಬೇರೆ ಜಾತಿ ಮತಗಳವರಿದ್ದರು. ಹುಟ್ಟು ಬೇರೆ ಮಾಡಿದವರನ್ನು ಕೇಳುವಿಕೆ ಒಂದೆಡೆ ಕೂರಿಸಿತ್ತು. ಶ್ರವಣ ಅಲ್ಲಿ ಸಂಗದ ಇನ್ನೊಂದು ಮುಖ.

ಮೆಟಲ್ ಸಂಗೀತದ ಮೂಲ ನೆಲೆಯೂ ಇಂತಹ ಸಂಗವೇ. ಮೈದಾನದಲ್ಲಿ ಮಂದ್ರ ಸ್ವರಗಳು ಕಿವಿಗಿಂತ ಮೊದಲು ಎದೆಗೂಡನ್ನು ತಟ್ಟುತ್ತವೆ, ಪಕ್ಕದವನ ಹೆಗಲು ತಾಗುತ್ತದೆ, ಸಾವಿರ ಕಂಠಗಳು ಒಂದೇ ಸಾಲನ್ನು ಕೂಗುತ್ತವೆ. ಕಿವಿಯ ನಾಳಕ್ಕೆ ಮಾತ್ರ ಗಾಳಿ ತಳ್ಳುವ ಪುಟ್ಟ ಪೊರೆಗೆ ಎದೆಯನ್ನು ತಟ್ಟುವ ಶಕ್ತಿಯಿಲ್ಲ. ಕೇಳುಗನಿಗೆ ಏನೋ ಕಡಿಮೆಯಾದಂತೆ ಅನಿಸುತ್ತದೆ, ಆ ಕೊರತೆಯನ್ನು ಅವನು ಗಟ್ಟಿ ಹೆಚ್ಚಿಸಿ ತುಂಬಲು ನೋಡುತ್ತಾನೆ, ಅದರಿಂದ ತುಂಬದಿದ್ದಾಗ ಹೆಚ್ಚು ಬೆಲೆಯ ಇನ್ನೊಂದು ಮಾನಿಟರ್ ಕೊಂಡು ತುಂಬಲು ನೋಡುತ್ತಾನೆ. ಅವನಿಗೆ ಕೊರತೆಯಾಗಿರುವುದು ಸಂಗ, ಅವನು ಹೆಚ್ಚಿಸುತ್ತಿರುವುದು ಸದ್ದು. ಮಾನಿಟರಿನ ಆಯ್ಕೆಯಲ್ಲಿ ಆಗುವ ಬಹುಪಾಲು ಎಡವಟ್ಟುಗಳ ಬೇರು ಈ ಗೊಂದಲದಲ್ಲಿದೆ.

ಪದಾರ್ಥ ಮತ್ತು ಪ್ರಸಾದ

ಸಂಗವಿಲ್ಲದ ಕೇಳುಗನಿಗೆ ಹಾಗಾದರೆ ಶ್ರವಣದ ಧರ್ಮವೇ ಇಲ್ಲವೇ ಎಂಬ ಪ್ರಶ್ನೆಗೆ ಶರಣರ ಷಟ್‌ಸ್ಥಲ ಸಿದ್ಧಾಂತದಲ್ಲಿ ಒಂದು ದಾರಿ ಕಾಣುತ್ತದೆ. ಈ ಸಿದ್ಧಾಂತದ ಪ್ರಕಾರ ಇಂದ್ರಿಯಗಳನ್ನು ಕೊಲ್ಲಬೇಕಾಗಿಲ್ಲ, ಅವುಗಳ ವಿಷಯಗಳನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಬೇಕು. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂದು ಸಂಬಂಧ ಹೇಳಲಾಗಿದೆ. ಅರ್ಪಿಸುವ ಮುನ್ನ ಶಬ್ದ ಬರಿಯ ಪದಾರ್ಥ, ಅಂದರೆ ಭೋಗದ ವಸ್ತು. ಅರ್ಪಿಸಿದ ಮೇಲೆ ಅದೇ ಶಬ್ದ ಪ್ರಸಾದ. ವಸ್ತು ಬದಲಾಗುವುದಿಲ್ಲ, ಅದನ್ನು ಪಡೆಯುವ ನಿಲುವು ಬದಲಾಗುತ್ತದೆ.

ಆರು ಸ್ಥಲಗಳಿಗೂ ಒಂದೊಂದು ಭಕ್ತಿ ಹೇಳಿರುವಲ್ಲಿ ಒಂದು ಕ್ರಮವಿದೆ. ಭಕ್ತನದು ಶ್ರದ್ಧೆ, ಮಹೇಶನದು ನಿಷ್ಠೆ, ಪ್ರಸಾದಿಯದು ಅವಧಾನ, ಪ್ರಾಣಲಿಂಗಿಯದು ಅನುಭಾವ, ಶರಣನದು ಆನಂದ, ಐಕ್ಯನದು ಸಮರಸ. ಕಿವಿಯ ಪ್ರಸಾದಲಿಂಗವು ಶರಣಸ್ಥಲಕ್ಕೆ ಸೇರಿದ್ದು, ಅಲ್ಲಿನ ಭಕ್ತಿ ಆನಂದ; ಆದರೆ ಆ ಆನಂದಕ್ಕೆ ಎರಡು ಮೆಟ್ಟಿಲು ಕೆಳಗೆ ಅವಧಾನ ಇದೆ, ಅದನ್ನು ಹಾರಿ ಮೇಲೇರಲು ಬರುವುದಿಲ್ಲ. ಈ ಕ್ರಮವನ್ನು ಮೆಟಲ್ ಕೇಳುಗನಿಗೆ ಅನ್ವಯಿಸಿದರೆ, ಗಮನವಿಲ್ಲದೆ ಗಟ್ಟಿಯಿಂದ ಮಾತ್ರ ಪಡೆದ ಉದ್ರೇಕವು ಅನರ್ಪಿತ ಭೋಗವೆನಿಸುತ್ತದೆ, ಗಮನದಿಂದ ಬಿಡಿಸಿ ಬಿಡಿಸಿ ಕೇಳಿ ಪಡೆದ ಹಿಗ್ಗು ಪ್ರಸಾದದ ಹತ್ತಿರ ಬರುತ್ತದೆ.

ಅವಧಾನದೊಳಗೆ ಮಿತಿಯೂ ಅಡಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಶ್ರವಣದ ಮಾನದಂಡವು ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಳನ್ನು ಮೇರೆಯಾಗಿ ಇಟ್ಟಿದೆ. ಡೆಸಿಬೆಲ್ ಎಂಬುದು ಕೂಡುತ್ತ ಹೋಗುವ ಅಳತೆಯಲ್ಲ, ಗುಣಿಸುತ್ತ ಹೋಗುವ ಅಳತೆ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗಿ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ಹೀಗಾಗಿ 90 ಡೆಸಿಬೆಲ್‌ನಲ್ಲಿ ವಾರಕ್ಕೆ ಸುಮಾರು 4 ಗಂಟೆ, 100ರಲ್ಲಿ ಅರ್ಧ ಗಂಟೆಯೂ ಇಲ್ಲ. ಒಳಗಿವಿಯಲ್ಲಿ ಇರುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಸತ್ತವು ಮತ್ತೆ ಹುಟ್ಟುವುದಿಲ್ಲ. ಅರ್ಪಣೆಗೆ ಸಾಧನವಾದ ಇಂದ್ರಿಯವನ್ನೇ ಸುಟ್ಟುಕೊಂಡವನು ಮುಂದೆ ಏನನ್ನು ಅರ್ಪಿಸಬೇಕು? ದೇಹವನ್ನೇ ದೇಗುಲವೆಂದು ಕಂಡ ಪರಂಪರೆಯಲ್ಲಿ ಕಿವಿಯ ರಕ್ಷಣೆ ವೈದ್ಯರ ಬುದ್ಧಿವಾದವಾಗಿ ಉಳಿಯದೆ ಆಚಾರದ ಪ್ರಶ್ನೆಯೇ ಆಗುತ್ತದೆ.

ಆಯ್ಕೆಯ ನೀತಿ

ಇಷ್ಟರಿಂದ ಆಯ್ಕೆಯ ಕ್ರಮವೊಂದು ತಾನಾಗಿ ಮೂಡುತ್ತದೆ. ಮೊದಲು ನೋಡಬೇಕಾದದ್ದು ಕಿವಿಗೆ ಕೂರುವ ರೀತಿ: ಜೊತೆಗೆ ಬರುವ ಬೇರೆ ಬೇರೆ ಅಳತೆಯ ತುದಿಗಳನ್ನು ಎರಡೂ ಕಿವಿಗಳಿಗೆ ಪ್ರತ್ಯೇಕವಾಗಿ ಹಾಕಿ ನೋಡಿ, ಹೊರಗಿನ ಸದ್ದು ಹಿಂದೆ ಸರಿದು ಬಾಸ್ ತುಂಬಿಕೊಂಡಾಗ ಅದು ಸರಿಯಾದ ಅಳತೆ. ಚೆನ್ನಾಗಿ ಕೂತ ಮಾನಿಟರ್ ಹೊರಗದ್ದಲವನ್ನು 20 ಡೆಸಿಬೆಲ್‌ನಷ್ಟು ತಡೆಯಬಲ್ಲದಾದ್ದರಿಂದ, ಆಳಂದದ ಬಸ್ಸಿನಲ್ಲಿ ಎಂಜಿನ್ನಿನ ಸದ್ದನ್ನು ಮೀರಲೆಂದು ಗಟ್ಟಿ ಏರಿಸುವ ಅಗತ್ಯವೇ ತಪ್ಪುತ್ತದೆ. ಆದರೆ ರಸ್ತೆ ದಾಟುವಾಗ ಇದೇ ಗುಣ ಅಪಾಯವಾದ್ದರಿಂದ ಅಲ್ಲಿ ತೆಗೆದಿಡಬೇಕು, ಜಾಗದ ಷರತ್ತಿಗೆ ಇಷ್ಟಾದರೂ ಬೆಲೆ ಉಳಿಯಬೇಕು. ಎರಡನೆಯದು ಹದ: ಚೆನ್ನಾಗಿ ಪರಿಚಯವಿರುವ, ಜೋಡಿ ಕಾಲ್ಪೆಟ್ಟಿನ ವೇಗದ ಭಾಗವಿರುವ ಒಂದು ಹಾಡನ್ನು ಮಾತು ಕೇಳಿಸುವಷ್ಟು ಮೆಲ್ಲಗೆ ಹಾಕಿ, ಪೆಟ್ಟುಗಳನ್ನು ಬಿಡಿಬಿಡಿಯಾಗಿ ಎಣಿಸಲು ಬರುತ್ತದೆಯೇ, ಎರಡು ಗಿಟಾರುಗಳು ಎರಡಾಗಿಯೇ ಕೇಳಿಸುತ್ತವೆಯೇ ಎಂದು ನೋಡಬೇಕು. ಮೆಲ್ಲಗೆ ಇಟ್ಟಾಗ ಚಪ್ಪೆಯೆನಿಸಿ, ಗಟ್ಟಿ ಮಾಡಿದಾಗ ಮಾತ್ರ ಜೀವ ಬರುವ ಸಾಧನವು ಕೇಳುಗನನ್ನು ದಿನವೂ ಮೇರೆಯಾಚೆಗೆ ಎಳೆಯುತ್ತದೆ. ಅದರ ಬೆಲೆ ಎಷ್ಟೇ ಇರಲಿ, ಅದು ತಕ್ಕದ್ದಲ್ಲ. ಡ್ರೈವರಿನ ಜಾತಿ, ಸಂಖ್ಯೆ, ಹೆಸರುಗಳು ಇವೆಲ್ಲದರ ನಂತರ ಬರುವ ಮಾತು.

ಈ ಒರೆಗೆ ಹಚ್ಚಿದರೆ ಮಾನಿಟರ್ ತನ್ನ ಹುಟ್ಟಿನ ಉದ್ದೇಶಕ್ಕೆ ಮರಳುತ್ತದೆ: ಅಬ್ಬರದ ನಡುವೆ ಕಡಿಮೆ ಸದ್ದಿನಲ್ಲಿ ಹೆಚ್ಚು ಕೇಳಿಸುವುದು. ಅವಧಾನಕ್ಕೆ ಅದು ನೆರವಾಗಬಲ್ಲದು, ನಾದಾನುಸಂಧಾನದ ಶಿಸ್ತನ್ನು ದೂರದಿಂದಲಾದರೂ ಅಭ್ಯಾಸ ಮಾಡಿಸಬಲ್ಲದು. ಸಂಗವನ್ನು ಮಾತ್ರ ಅದು ಕೊಡಲಾರದು. ಅಫಜಲಪುರದ ಹಳ್ಳಿಯಲ್ಲಿ ಮೆಟಲ್ ಕೇಳುವವನು ಒಬ್ಬನೇ ಇರಬಹುದು, ಅವನ ಒಂಟಿತನ ಆಯ್ಕೆಯದ್ದಲ್ಲ, ಸಂದರ್ಭದ್ದು. ಆದರೆ ಸಂಗವೆಂದರೆ ಒಂದೇ ಅಭಿರುಚಿಯವರ ಕೂಟವೇ ಆಗಬೇಕಾಗಿಲ್ಲವೆಂಬುದಕ್ಕೆ ಇದೇ ಸೀಮೆಯ ಭಜನೆಯ ಕಟ್ಟೆಗಳು ಸಾಕ್ಷಿ. ವಾರಕ್ಕೊಮ್ಮೆಯಾದರೂ ಮಾನಿಟರನ್ನು ಬದಿಗಿಟ್ಟು, ತನಗಿಷ್ಟವಾದ ಹಾಡನ್ನು ಗೆಳೆಯನಿಗೋ ತಮ್ಮನಿಗೋ ಸ್ಪೀಕರಿನಲ್ಲಿ ಕೇಳಿಸಿ, ಅದರ ಒಳಗಿನ ಕಟ್ಟಡವನ್ನು ತೋರಿಸಿ, ಅವರ ಆಕ್ಷೇಪವನ್ನು ಕೇಳಿಸಿಕೊಂಡು, ತಾನೂ ಅವರ ಪದಕ್ಕೆ ಕಿವಿಗೊಡುವ ಕೇಳುಗನು ಜುನೈದರ ಮೂರನೆಯ ಷರತ್ತನ್ನು ತನ್ನ ಮಟ್ಟಿಗೆ ಪೂರೈಸಿದಂತಾಗುತ್ತದೆ. ಅಂಥವನಿಗೆ ಎರಡು ಸಾವಿರ ರೂಪಾಯಿಯ ಮಾನಿಟರೂ ಸಾಕಾಗುವ ಸಂಭವ ಹೆಚ್ಚು. ಸಂಗದ ಕೊರತೆಯನ್ನು ಸಾಧನದಿಂದಲೇ ತುಂಬಹೊರಟವನಿಗೆ ಲಕ್ಷ ರೂಪಾಯಿಯದೂ ಸಾಲುವುದಿಲ್ಲ.